ಎಮ್ಮಿ ಮೊದಲೊ, ನಿಂಬೆವ್ವ ಮೊದಲೊ

ನಿಂಬೆವ್ವ: ಎಮ್ಮಿ ಮೊದಲ ಯಾಕ ಹೊರಗ ಬಂತು? ಅದನ್ನಷ್ಟ ಹೇಳ್ರಿ.

ಚಂದ್ರಾಮ: ಎಮ್ಮಿ ಬಾಗಲಕ್ಕ ಹತ್ತರ ಇತ್ತು.

ನಿಂಬೆವ್ವ: ನಾ ಎಲ್ಲಿದ್ದೆ?

ಚಂದ್ರಾಮ: ನೀ ಅಡಗಿಮನ್ಯಾಗ ಇದ್ದಿ.

ನಿಂಬೆವ್ವ: ಅಡಗಿಮನಿ ಏನು ಅಫಜಲಪುರದಾಗ ಅದ ಏನ್ರಿ? ಗೋಡಿ ಈ ಕಡಿಗಿ ಕೊಟ್ಟಗಿ, ಆ ಕಡಿಗಿ ಅಡಗಿಮನಿ.

ಚಂದ್ರಾಮ: ಅಲ್ಲಿ ನೀ ಒಬ್ಬಾಕಿ ಇದ್ದಿದ್ರ ಕಣ್ಣಮುಚ್ಚಿ ಎತಗೊಂಡು ಬರ್ತಿದ್ದೆ. ಹತ್ತು ಮಂದಿ ಇದ್ರಿ. ಹತ್ತು ಮಂದಿ ನಿಂಬೆವ್ವಗೋಳೊಳಗ ಯಾರನ್ನಂತ ಎತ್ತಲಿ? ಎಮ್ಮಿ ಒಂದೇ ಇತ್ತು.

ಖುರ್ಷಿದ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡ. ಸೊಸೆ ಶಿವಗಂಗಾ ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೆಲ ನೋಡತೊಡಗಿದಳು. ಚಂದ್ರಾಮನಿಗೆ ಮಾತ್ರ ತಾನು ಹೆಂಡತಿಗೆ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ತಿಳಿಯಲಿಲ್ಲ. ಹತ್ತು ಹತ್ತೇ, ಒಂದು ಒಂದೇ.

ಹಾಗೆ ನೋಡಿದರೆ ಆ ಹೊತ್ತಿಗೆ ಅಂದೋಲಾ ಊರಿನ ಆ ಮನೆಯಲ್ಲಿ ಒಂದು ಬೀಡಿ ಕೂಡ ಹೊತ್ತಿರಲಿಲ್ಲ. ಎಮ್ಮೆ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಒಲೆ ಆರಿ ಬಹಳ ಹೊತ್ತಾಗಿತ್ತು. ಬೆಂಕಿ ಬಿದ್ದದ್ದು ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಮನೆಗೆ.

ಈ ಆಟ ಆ ಮನೆಗೆ ಬಂದದ್ದು ಶಿವಗಂಗಾಳ ಜೊತೆಗೆ. ಅವಳು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಆಳಂದದ ದೀಪಾಲಿ ಎಂಬ ಹುಡುಗಿ ಇದನ್ನು ಕಲಿಸಿದ್ದಳು. ಇದರಲ್ಲಿ ಇಸ್ಪೀಟಿನ ಎಲೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳಬೇಕು. ಉಳಿದವರು ಒಬ್ಬೊಬ್ಬ ಸೂಪರ್‌ಹೀರೋ ಆಗಬೇಕು. ಕಥೆಯಲ್ಲಿ ಆಪತ್ತು ಬಂದಾಗ ತಾನು ಏನು ಮಾಡುತ್ತೇನೆ ಎಂದು ಪ್ರತಿಯೊಬ್ಬರೂ ತಮ್ಮ ಪಾಳಿ ಬಂದಾಗ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕ ಬಿದ್ದರೆ ಕೈಗೂಡಿದಂತೆ, ಒಂದು ಬಿದ್ದರೆ ಪೂರಾ ಕೆಟ್ಟಂತೆ. ದಾಳ ನೋಡಿದ ಮೊದಲ ದಿನ ನಿಂಬೆವ್ವ ಕಲ್ಲುಸಕ್ಕರೆ ಎಂದುಕೊಂಡು ಬಾಯಿಗೆ ಹಾಕಿಕೊಳ್ಳುವವಳಿದ್ದಳು.

ಜೇವರ್ಗಿ ಸೀಮೆಯ ಬಿಸಿಲೇ ಈ ಆಟಕ್ಕೆ ಜಾಗ ಮಾಡಿಕೊಟ್ಟಿತು. ಮೇ ತಿಂಗಳಲ್ಲಿ ಮುಂಜಾನೆಯ ಕೆಲಸ ಮುಗಿಸಿ ಒಳಗೆ ಬಂದರೆ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಮಗ ಗುರುಶಾಂತ ಜೇವರ್ಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನ ಮನೆಯಲ್ಲಿ ಉಳಿಯುವವರು ಅತ್ತೆ, ಮಾವ, ಸೊಸೆ. ಜೊತೆಗೆ ಪಕ್ಕದ ಮನೆಯ ಖುರ್ಷಿದ. ಟ್ರ್ಯಾಕ್ಟರ್ ಹೊಡೆಯುವವನು, ಚಂದ್ರಾಮನ ಬಾಲ್ಯದ ಗೆಳೆಯ. ಚಂದ್ರಾಮ ಮೊದಲು ಹುಡುಗರಾಟ ಎಂದು ಮೂಗು ಮುರಿದಿದ್ದ. ಎರಡನೆಯ ದಿನ ಗೋಡೆಗೆ ಒರಗಿ ಕೇಳಿದ. ಮೂರನೆಯ ದಿನ ತನ್ನ ಪಾಳಿ ಯಾವಾಗ ಎಂದು ಕೇಳಿದ.

ಶಕ್ತಿ ಆರಿಸಿಕೊಳ್ಳುವಾಗ ಚಂದ್ರಾಮ ತನ್ನ ಮೈಯನ್ನು ಬೆಂಕಿ ಸುಡಬಾರದು ಎಂದು ಬೇಡಿ 'ಕೆಂಡಸರದಾರ'ನಾದ. ಖುರ್ಷಿದ ಒಂದೇ ಉಸಿರಿಗೆ ಬಿರುಗಾಳಿ ಎಬ್ಬಿಸುವ 'ತೂಫಾನ'ನಾದ. ನಿಂಬೆವ್ವ ಬಹಳ ಹೊತ್ತು ಯೋಚಿಸಲಿಲ್ಲ. ಹೆಂಗೂ ಹತ್ತು ಮಂದಿಯ ಕೆಲಸ ಒಬ್ಬಳೇ ಮಾಡುತ್ತೇನೆ, ಬೇಕೆಂದಾಗ ಹತ್ತು ಮಂದಿ ಆಗುವಂತಿದ್ದರೆ ಸಾಕು ಎಂದಳು. ಹೀರೋಗೆ ಬೇರೆ ಹೆಸರು ಬೇಡವೇ ಎಂದು ಸೊಸೆ ಕೇಳಿದ್ದಕ್ಕೆ, ನನ್ನ ಹೆಸರಿಗೇನಾಗಿದೆ ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು.

ಅಂದಿನ ಕಥೆಯಲ್ಲಿ ಉರಿಮಾರಿ ಎಂಬ ದುಷ್ಟೆ ಆಕಾಶದಲ್ಲಿ ಹಾರುತ್ತ ಬಂದು ಊರ ಮೇಲೆ ಕಿಡಿ ಉದುರಿಸಬೇಕಾಗಿತ್ತು. ಹಿರಿಯರಿಗೆ ಗೊಂದಲವಾಗದಿರಲಿ ಎಂದು ಶಿವಗಂಗಾ ತಮ್ಮದೇ ಮನೆಯನ್ನು ಫರಸಿಯ ಮೇಲೆ ಚೌಕ ಚೌಕವಾಗಿ ಬರೆದಿದ್ದಳು. ಕೆಂಪು ತೊಗರಿಕಾಳು ಇಟ್ಟ ಚೌಕದಲ್ಲಿ ಬೆಂಕಿ, ಬಿಳಿ ಜೋಳ ಇಟ್ಟ ಚೌಕದಲ್ಲಿ ಹೊಗೆ. ನಿಂಬೆವ್ವನಿಗೆ ಬೆಂಕಿಗಿಂತ ಮೊದಲು ತಿಳಿಯಬೇಕಾದದ್ದು ಬೇರೆ ಇತ್ತು. ಈ ಉರಿಮಾರಿ ಯಾರ ಮಗಳು, ನಮ್ಮ ಮನೆಯ ಮೇಲೆ ಅವಳಿಗೇಕೆ ಸಿಟ್ಟು ಎಂದು ಕೇಳಿದಳು. ದೀಪಾಲಿ ಕಲಿಸಿದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಶಿವಗಂಗಾ ಯೋಚಿಸಿ, ನಮ್ಮ ಮದುವೆಗೆ ಅವಳನ್ನು ಕರೆದಿರಲಿಲ್ಲ ಎಂದಳು. ಹಂಗಾದರೆ ಸಿಟ್ಟು ಬರುವುದು ಖರೇ ಎಂದು ನಿಂಬೆವ್ವ ಒಪ್ಪಿದಳು. ಕರೆಯದಿದ್ದುದಕ್ಕೆ ಗಂಡನನ್ನು ಒಮ್ಮೆ ನೋಡಿದಳು.

ಉರಿಮಾರಿಯ ಕಿಡಿ ಬಿದ್ದದ್ದು ಕಣಕಿ ಬಣವೆಯ ಮೇಲೆ. ಜೋಳದ ಒಣ ದಂಟಿನ ಆ ಬಣವೆ ಚಂದ್ರಾಮನ ಮನೆಯಲ್ಲಿ ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ನಕ್ಷೆಯಲ್ಲೂ ಹಾಗೆಯೇ ಇತ್ತು. ಶಿವಗಂಗಾ ಒಂದು ತೊಗರಿಕಾಳು ಇಟ್ಟಳು. ಮೊದಲ ಪಾಳಿ ಖುರ್ಷಿದನದು.

ಖುರ್ಷಿದ: ಇದೇನು ದೊಡ್ಡ ಮಾತು. ತೂಫಾನ ಬಂದ, ಊದಿದ. ದೀಪ ಆರಿಸಿದಂಗ ಆರಸ್ತೇನಿ.

ಶಿವಗಂಗಾ: ದಾಳ ಹಾಕ್ರಿ ಮಾಮಾ.

ದಾಳ ಹದಿನೆಂಟು ತೋರಿಸಿತು. ಖುರ್ಷಿದ ಮೀಸೆ ತಿರುವಿದ. ಶಿವಗಂಗಾ ಬೊಗಸೆ ತುಂಬ ತೊಗರಿಕಾಳು ತೆಗೆದುಕೊಂಡು ಬಣವೆಯ ಚೌಕಗಳಲ್ಲೆಲ್ಲ ಸುರಿದಳು.

ಖುರ್ಷಿದ: ಏ, ನಂದು ಹದಿನೆಂಟು ಬಿದ್ದದ ಅಲ್ಲ?

ಶಿವಗಂಗಾ: ಬಿದ್ದದ್ರಿ. ಭಾಳ ಛಂದ ಊದೀರಿ. ಅದಕ್ಕೇ ಇಷ್ಟು ಹತ್ಯಾದ.

ನಿಂಬೆವ್ವ: ಖುರ್ಷಿದಣ್ಣ, ಒಲಿ ಮುಂದ ಕುಂತು ಒಂದಿನಾ ಕೊಳವಿ ಊದಿದ್ರ ಗೊತ್ತಾಗ್ತಿತ್ತು. ದೀಪ ಊದಿದ್ರ ಆರತದ, ಒಲಿ ಊದಿದ್ರ ಹತ್ತತದ.

ಖುರ್ಷಿದ: ಮೊದಲ ಹೇಳಬಾರದೇನು ವೈನಿ.

ನಿಂಬೆವ್ವ: ನನ್ನ ಪಾಳಿ ಎಲ್ಲಿ ಬಂದಿತ್ತು?

ನಿಂಬೆವ್ವ ತನ್ನ ಪಾಳಿ ಬಂದಾಗ ಹತ್ತು ಮಂದಿಯಾದಳು. ಒಬ್ಬಳು ನೀರು ಸೇದುತ್ತಾಳೆ, ಒಬ್ಬಳು ಕಾಳಿನ ಚೀಲ ಎಳೆಯುತ್ತಾಳೆ, ಒಬ್ಬಳು ಹಾಸಿಗೆ ಸುತ್ತುತ್ತಾಳೆ ಎಂದು ಹತ್ತೂ ಮಂದಿಗೆ ಕೆಲಸ ಹಂಚಿದಳು. ಆದರೆ ಹಂಚುವುದರಲ್ಲೇ ಪಾಳಿ ಮುಗಿದು ಹತ್ತೂ ಜನ ಅಡುಗೆಮನೆಯಲ್ಲೇ ಉಳಿದರು. ಆಮೇಲೆ ಬಂದದ್ದು ಚಂದ್ರಾಮನ ಪಾಳಿ. ಅವನು ಇಷ್ಟು ಹೊತ್ತು ಇದಕ್ಕಾಗಿಯೇ ಕಾಯುತ್ತಿದ್ದ.

ಚಂದ್ರಾಮ: ಕೆಂಡಸರದಾರ ಬೆಂಕ್ಯಾಗ ಹೊಕ್ಕ. ಮೈ ಸುಡಲ್ಲ.

ಶಿವಗಂಗಾ: ಮೈ ಸುಡಲ್ಲರಿ. ಧೋತರ ಸುಡತದ.

ಚಂದ್ರಾಮ: ಧೋತರ ಯಾಕ ಸುಡತದ?

ಶಿವಗಂಗಾ: ಶಕ್ತಿ ಬೇಡುವಾಗ ಮೈ ಅಂತ ಬೇಡೀರಿ ಮಾವಾರ. ಧೋತರದ್ದು ಮಾತ ತೆಗಿಲಿಲ್ಲ.

ಖುರ್ಷಿದ: ಲೇ ಚಂದ್ರಾಮ, ಬೆಂಕಿ ನೋಡಾಕ ಊರ ಮಂದಿ ಎಲ್ಲಾ ಬಂದಿರತಾರಲೇ. ಹೊರಗ ಬರಬ್ಯಾಡ.

ಸೊಸೆ ಸೆರಗಿನ ಮರೆಯಲ್ಲಿ ನಕ್ಕದ್ದು ಕಂಡು ಚಂದ್ರಾಮನ ಕಿವಿ ಬಿಸಿಯಾದವು. ಅಲ್ಲಿಗೆ ಮುಗಿಯಲಿಲ್ಲ. ಕೆಂಡಸರದಾರನ ಮೈ ಸುಡದಿದ್ದರೂ ಉಸಿರಾಡಲೇಬೇಕಲ್ಲ. ಹೊಗೆ ಬೆಂಕಿಗಿಂತ ಮುಂದೆ ಓಡುತ್ತದೆ, ಬೆಂಕಿಯಲ್ಲಿ ಸಾಯುವವರಿಗಿಂತ ಹೊಗೆಯಲ್ಲಿ ಸಾಯುವವರೇ ಹೆಚ್ಚು ಎಂದು ಶಿವಗಂಗಾ ಮೆಲ್ಲಗೆ ಹೇಳಿ ಕೊಟ್ಟಿಗೆಯ ತುಂಬ ಜೋಳ ಇಟ್ಟಳು. ಇನ್ನೊಂದು ಪಾಳಿಯಷ್ಟು ಮಾತ್ರ ಅವನಿಗೆ ಉಸಿರಿತ್ತು. ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಅಡುಗೆಮನೆ. ಚಂದ್ರಾಮ ಯೋಚಿಸದೆ ಎಮ್ಮೆಯ ಹಗ್ಗ ಬಿಚ್ಚಿದ. ಎಮ್ಮೆ ಹೊರಗೆ ಬಂತು. ಬಟ್ಟೆಯಿಲ್ಲದ ಕೆಂಡಸರದಾರ ಅದರ ಹಿಂದೆ ಅಡಗಿ ಬಂದ. ಅಡುಗೆಮನೆಯ ಮಾಳಿಗೆ ಕುಸಿಯಿತು.

ಆಗಲೇ ನಿಂಬೆವ್ವ ಆ ಪ್ರಶ್ನೆ ಕೇಳಿದ್ದು. ಚಂದ್ರಾಮ ಹತ್ತು ಮತ್ತು ಒಂದರ ಲೆಕ್ಕ ಹೇಳಿದ್ದು. ಆ ಲೆಕ್ಕ ಕೇಳಿ ಮತ್ತೆ ಮಾತಾಡಿದಾಗ ನಿಂಬೆವ್ವನ ದನಿ ಇಳಿದಿತ್ತು.

ನಿಂಬೆವ್ವ: ಮೂವತ್ತು ವರ್ಷ ಆತು ಈ ಮನಿಗಿ ಬಂದು. ಹತ್ತು ಮಂದ್ಯಾಗ ನಾ ಯಾರು ಅಂತ ಗುರ್ತ ಹತ್ತಲ್ಲೇನ್ರಿ ನಿಮಗ?

ಚಂದ್ರಾಮ: ಹತ್ತೂ ಮಂದಿ ನೀನೇ ಇದ್ದಿ. ಸೀರಿ ಅದೇ, ಮಾರಿ ಅದೇ, ಬಾಯಿ ಅದೇ.

ಖುರ್ಷಿದ: ಹತ್ತು ಬಾಯಿ ಒಮ್ಮಿಗೇ ಶುರು ಆಗ್ಯಾವ ವೈನಿ. ಪಾಪ, ಎಮ್ಮಿ ಸುಮ್ಮ ನಿಂತಿತ್ತು.

ಗೆಳೆಯ ಬೆಂಬಲಕ್ಕೆ ಬಂದ ಎಂದು ಚಂದ್ರಾಮ ತಲೆಯಾಡಿಸಿದ. ಅದೇ ದೊಡ್ಡ ತಪ್ಪಾಯಿತು. ನಿಂಬೆವ್ವ ಎದ್ದು ಫರಸಿಯ ಮೇಲಿನ ಬೆಂಕಿಯನ್ನೆಲ್ಲ ಮೊರಕ್ಕೆ ಗುಡಿಸಿಕೊಂಡು ಒಳಗೆ ನಡೆದಳು.

ಆ ಸಂಜೆಯಿಂದ ಅವಳು ಗಂಡನೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿದವಳು ಮೊದಲ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಟ್ಟೆಯ ಮುಂದೆ ಕೂತಿದ್ದ ಗಂಡನನ್ನು ದಾಟಿ ಕೊಟ್ಟಿಗೆಗೆ ಹೋದಳು. ತಿರುಗಿ ಬಂದು ಸೊಸೆಗೆ ಹೇಳಿದಳು.

ನಿಂಬೆವ್ವ: ಎಮ್ಮಿದು ಊಟ ಆತವ್ವ. ಇನ್ನ ಮನಿ ಯಜಮಾನರಿಗಿ ನೀಡು.

ಮರುದಿನ ಬೆಳಗಿನ ಚಹಾದ ಹೊತ್ತಿಗೂ ಅದೇ ಆಯಿತು. ಎಮ್ಮೆಗೆ ಚಹಾ ಕುಡಿಸಲಿಲ್ಲ ಎಂಬುದೊಂದೇ ಸಮಾಧಾನ. ಆದರೆ ಕುಡಿಯುತ್ತೀಯೇನವ್ವ ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದ್ದು ಪಡಸಾಲೆಗೆ ಕೇಳುವ ಹಾಗೇ ಇತ್ತು.

ಚಂದ್ರಾಮನಿಗೆ ಸಿಟ್ಟೂ ಬಂತು, ಅಂಜಿಕೆಯೂ ಆಯಿತು. ಸೀಮೆಸುಣ್ಣದ ಮನೆಯಲ್ಲಿ ತೊಗರಿಕಾಳಿನ ಬೆಂಕಿಗೆ ಸತ್ತವಳು ಖರೇ ಮನೆಯಲ್ಲಿ ಊಟ ತಡಮಾಡಿ ಬಡಿಸುವುದು ಯಾವ ನ್ಯಾಯ ಎಂದು ಅವನ ಸಿಟ್ಟು. ಅಂಜಿಕೆ ಬೇರೆಯದು. ಬೇವಿನ ಮರದ ಕೆಳಗೆ ಮಂಚದ ಮೇಲೆ ಅಡ್ಡಾಗಿ, ನಿಜವಾಗಿಯೂ ಹತ್ತು ಮಂದಿ ನಿಂಬೆವ್ವಗಳು ಸಾಲಾಗಿ ನಿಂತರೆ ಗುರುತಿಸಬಲ್ಲೆನೇ ಎಂದು ತನ್ನನ್ನೇ ಕೇಳಿಕೊಂಡ. ಅವಳ ಗಲ್ಲದ ಮೇಲೆ ಒಂದು ಮಚ್ಚೆ ಇದೆ ಎಂದು ನೆನಪಾಯಿತು. ಎಡಗಲ್ಲವೋ ಬಲಗಲ್ಲವೋ ನೆನಪಾಗಲಿಲ್ಲ. ನೋಡಿ ಬರೋಣವೆಂದು ಅಡುಗೆಮನೆಗೆ ಹೋದ. ಅವಳು ಮುಖ ತಿರುಗಿಸಿಕೊಂಡಿದ್ದಳು. ಕಂಡದ್ದು ಮಚ್ಚೆಯಿಲ್ಲದ ಎಡಗಲ್ಲ. ಅಷ್ಟರ ಮಟ್ಟಿಗೆ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಮಚ್ಚೆ ಹತ್ತೂ ಮಂದಿಗೆ ಇರುತ್ತದಲ್ಲ ಎಂದು ಹೊರಗೆ ಬಂದ ಮೇಲೆ ಹೊಳೆಯಿತು.

ಅವನು ಸೊಸೆಯನ್ನು ಕರೆದು ಆಟವನ್ನು ಇನ್ನೊಮ್ಮೆ ಮೊದಲಿಂದ ಆಡಬೇಕು ಎಂದ.

ಶಿವಗಂಗಾ: ಆಡಬಹುದ್ರಿ ಮಾವಾರ. ಆದ್ರ ಎಷ್ಟ ಸಲ ಆಡಿದ್ರೂ ಹಿಂಗೇ ಆಗತದ. ಬಣವಿ ಗೋಡಿಗಿ ಹತಗೊಂಡು ಅದ. ಬೆಂಕಿಗಿ ಓಡ್ಯಾಡಾಕ ಹಾದಿ ನಾವೇ ಹಾಕಿಟ್ಟಂಗ.

ಚಂದ್ರಾಮ: ಹಂಗಾರ ನಕ್ಷಾದಾಗ ಬಣವಿ ಸರಸು. ಬೇವಿನಗಿಡದ ಆಚಿಗಿ ಹಾಕು.

ಶಿವಗಂಗಾ: ಅದು ಬರಲ್ಲರಿ. ಮನಿ ಹೆಂಗ ಅದನೋ ನಕ್ಷಾ ಹಂಗ. ಖರೇ ಬಣವಿ ಸರದ್ರ ನಕ್ಷಾದಾಗೂ ಸರಿತದ.

ಚಂದ್ರಾಮ: ನಮ್ಮಪ್ಪನ ಕಾಲದಿಂದ ಅಲ್ಲೇ ಒಟ್ಟತೇವಿ.

ಶಿವಗಂಗಾ: ಹೌದ್ರಿ. ಅವರ ಕಾಲದಾಗ ಉರಿಮಾರಿ ಬಂದಿದ್ದಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿಯೇ ಶಿವಗಂಗಾ ಈ ಬಣವೆಯ ಮಾತನ್ನು ಗುರುಶಾಂತನ ಬಾಯಿಂದ ಹೇಳಿಸಿದ್ದಳು. ಆಗ ಚಂದ್ರಾಮ ಮಗನಿಗೆ ನಾಲ್ಕು ಮಂದಿಯ ಮುಂದೆ ಬೈದಿದ್ದ. ಈಗ ಅದು ಅವನಿಗೆ ನೆನಪಾಯಿತು. ಸೊಸೆಯ ಮುಖ ನೋಡಿದ. ಅವಳು ದಾಳವನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಆ ಮುಖದಲ್ಲಿ ಏನೂ ಓದಲಾಗಲಿಲ್ಲ.

ಅವನು ಖುರ್ಷಿದನ ಮನೆಗೆ ಹೋಗಿ ಕಷ್ಟ ಹೇಳಿಕೊಂಡ. ಖುರ್ಷಿದ ಬೇರೆ ಬೇರೆ ಹಾದಿ ಹುಡುಕಿದ. ಕೆಂಡಸರದಾರನ ಶಕ್ತಿ ಬದಲಿಸಿ ನೀರಿನ ಶಕ್ತಿ ಬೇಡಬಹುದೇ? ಸೊಸೆ ಒಪ್ಪುವುದಿಲ್ಲ. ಉರಿಮಾರಿಯನ್ನು ಕರೆದು ಒಂದು ಸೀರೆ ಉಡಿಸಿ ಮದುವೆಯ ತಪ್ಪನ್ನು ಸರಿಮಾಡಿಕೊಳ್ಳಬಹುದೇ? ಅದನ್ನು ಸೊಸೆ ಒಪ್ಪಬಹುದು, ಆದರೆ ಸೀರೆ ಆರಿಸುವವಳು ನಿಂಬೆವ್ವ, ಅವಳು ಮಾತೇ ಆಡುತ್ತಿಲ್ಲ.

ಚಂದ್ರಾಮ: ಬಣವಿ ಸರಸೋದೇ ಸೈ ಅನಸ್ತದ.

ಖುರ್ಷಿದ: ಆಟಕ್ಕಂತ ಖರೇ ಬಣವಿ ಸರಸ್ತಿ? ದಿಮಾಗ ಖರಾಬ ಆಗ್ಯಾದೇನಲೇ?

ಚಂದ್ರಾಮ: ನಿನಗ ತಿಳಿಯಲ್ಲ. ಎಮ್ಮಿ ನನ್ನಕಿಂತ ಮೊದಲ ಉಣ್ಣಾಕತ್ಯಾದ.

ಖುರ್ಷಿದ ಇನ್ನೇನೂ ಕೇಳದೆ ಟ್ರ್ಯಾಕ್ಟರ್ ತೆಗೆದ. ಬಿಸಿಲೇರುವ ಮುಂಚೆ ಎರಡು ದಿನ ಇಬ್ಬರೂ ಕಣಕಿ ಸಿವುಡಿನ ಕಟ್ಟು ಹೊತ್ತರು. ಇಡೀ ಬಣವೆಯನ್ನು ಬಿಚ್ಚಿ, ಅಂಗಳ ದಾಟಿಸಿ, ಬೇವಿನ ಮರದಿಂದಾಚೆ ಹೊಸದಾಗಿ ಒಟ್ಟಿದರು. ದಾರಿಯಲ್ಲಿ ಹೋಗುವವರು ನಿಂತು ಈ ಬೇಸಿಗೆಯಲ್ಲಿ ಇದೇಕೆ ಎಂದು ಕೇಳಿದರು. ಆಟದ ಮಾತು ಹೇಳುವಂತಿರಲಿಲ್ಲ. ಹಾವು ಕಂಡಿತ್ತು ಎಂದುಬಿಟ್ಟ ಚಂದ್ರಾಮ. ಒಂದು ಹಾವು ಮುಂದಿನ ಓಣಿಗೆ ಹೋಗುವಷ್ಟರಲ್ಲಿ ಜೋಡಿ ನಾಗರವಾಯಿತು. ಸಂಜೆ ಮೂವರು ಹೆಂಗಸರು ಬಟ್ಟಲಲ್ಲಿ ಹಾಲು ಹಿಡಿದು ಬಂದು ಖಾಲಿಯಾದ ಗೋಡೆಯ ಬದಿಗೆ ಇಟ್ಟು ಕೈಮುಗಿದು ಹೋದರು. ಆ ಹಾಲನ್ನು ಖುರ್ಷಿದನ ಬೆಕ್ಕು ಕುಡಿಯಿತು.

ನಿಂಬೆವ್ವ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಬೆವರಿಳಿಯುತ್ತಿದ್ದ ಗಂಡನಿಗೆ ಸೊಸೆಯ ಕೈಯಲ್ಲಿ ತಂಬಿಗೆ ಮಜ್ಜಿಗೆ ಕಳಿಸಿದಳು. ಎಮ್ಮೆಗೆ ಮೊದಲು ಕೊಟ್ಟಳೋ ಇಲ್ಲವೋ ಚಂದ್ರಾಮ ಕೇಳಲು ಹೋಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮತ್ತೆ ಫರಸಿಯ ಮೇಲೆ ಮನೆ ಎದ್ದಿತು. ಮಾತಿಗೆ ತಪ್ಪದೆ ಶಿವಗಂಗಾ ಬಣವೆಯನ್ನು ಬೇವಿನ ಮರದಾಚೆ ಬರೆದಳು. ಈ ಸಲ ಕೆಂಡಸರದಾರನ ಹೆಗಲ ಮೇಲೆ ಒದ್ದೆ ಕಂಬಳಿ ಇದೆ, ಮೂಗಿಗೆ ಒದ್ದೆ ಬಟ್ಟೆ ಇದೆ ಎಂದು ಚಂದ್ರಾಮ ಆಟ ಶುರುವಾಗುವ ಮುಂಚೆಯೇ ಎರಡೆರಡು ಬಾರಿ ಹೇಳಿದ. ಕಂಬಳಿ ಧೋತರದ ಮೇಲೂ ಬರುತ್ತದೆಂದು ಸ್ಪಷ್ಟಪಡಿಸಿದ. ನಿಂಬೆವ್ವ ಗೋಡೆಗೆ ಒರಗಿ ಮೊರದಲ್ಲಿ ಕಾಳು ಆರಿಸುತ್ತ ಕೂತಳು. ಅವಳ ಹೀರೋಗಳು ಹಿಂದಿನಂತೆ ಹತ್ತು ಮಂದಿ ಅಡುಗೆಮನೆಯಲ್ಲಿ.

ಉರಿಮಾರಿ ಬಂದಳು. ಬಣವೆ ದೂರವಿದ್ದದ್ದು ಕಂಡು ಸಿಟ್ಟಿಗೆದ್ದಳು. ಕೊಟ್ಟಿಗೆಯ ಬಲ್ಬಿಗೆ ಎಳೆದ ವೈರಿನ ಮೇಲೆ ಕಿಡಿ ಒಗೆದಳು.

ಚಂದ್ರಾಮ: ವೈರಿಗಿ ಯಾಕ ಬೆಂಕಿ ಹತ್ತತದ?

ಶಿವಗಂಗಾ: ಅರಿವಿ ಸುತ್ತಿ ಗಂಟ ಹಾಕ್ಯಾರ್ರಿ ಯಾರೋ.

ಹರಿದ ವೈರಿಗೆ ಬಟ್ಟೆ ಸುತ್ತಿ ಗಂಟು ಹಾಕಿದವನು ಚಂದ್ರಾಮನೇ. ಅವನು ಗಂಟಲು ಸರಿಪಡಿಸಿಕೊಂಡು ಮುಂದೆ ನಡೆಸು ಎಂದ. ಬೆಂಕಿ ಈ ಸಲ ಓಡಲಿಲ್ಲ, ಮಣ್ಣಿನ ಗೋಡೆಯ ಬದಿಗೆ ತೆವಳುತ್ತ ಬಂತು. ಖುರ್ಷಿದ ಪಾಠ ಕಲಿತಿದ್ದ. ತೂಫಾನ ಊದುವುದಿಲ್ಲ, ಉಸಿರು ಬಿಗಿಹಿಡಿದು ಹೋಗಿ ಮೇನ್ ಸ್ವಿಚ್ ಆರಿಸುತ್ತಾನೆ ಎಂದ. ದಾಳ ಒಪ್ಪಿತು. ಅಷ್ಟರಲ್ಲಿ ಅವನದೇ ಮನೆಯ ಕೋಳಿ ಹೊಸ್ತಿಲು ದಾಟಿ ಬಂದು ನಕ್ಷೆಯ ಮೇಲೆ ನಡೆದು ಮೂರು ಚೌಕದ ಬೆಂಕಿಯನ್ನು ಹೆಕ್ಕಿ ತಿಂದಿತು.

ಚಂದ್ರಾಮ: ಆರಿತು. ಬೆಂಕಿ ಆರಿತು, ಎಲ್ಲಾರೂ ನೋಡೀರಿ.

ಶಿವಗಂಗಾ: ಕೋಳಿ ಆಟದಾಗ ಇಲ್ಲರಿ ಮಾವಾರ.

ಖುರ್ಷಿದ: ನನ್ನ ಕೋಳಿ ನನ್ನ ಕಡಿ ಅಂತ ಹಿಡೀಬೇಕು.

ನಿಂಬೆವ್ವ ಮೊರ ಬೀಸಿ ಕೋಳಿ ಅಟ್ಟಿದಳು. ತನ್ನ ಮೊರದಿಂದಲೇ ಮೂರು ತೊಗರಿಕಾಳು ತೆಗೆದು ಖಾಲಿ ಚೌಕಗಳಲ್ಲಿ ಒಂದೊಂದಾಗಿ ಇಟ್ಟಳು. ಗಂಡನಿಗೆ ಸುಲಭದಲ್ಲಿ ಬಿಡುವ ಮನಸ್ಸು ಅವಳಿಗಿರಲಿಲ್ಲ.

ನಿಂಬೆವ್ವ ಈ ಸಲ ತನ್ನ ಪಾಳಿಯನ್ನು ಕೊನೆಗೆ ಇಟ್ಟುಕೊಂಡಿದ್ದರಿಂದ ಚಂದ್ರಾಮನ ಪಾಳಿ ಬಂತು. ಅವನು ಕೊಟ್ಟಿಗೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಹೊಗೆ ಮೇಲೇರುತ್ತದೆ, ಆದ್ದರಿಂದ ಕೆಂಡಸರದಾರ ನೆಲಕ್ಕೆ ಎದೆ ಹಚ್ಚಿ ತೆವಳುತ್ತಾನೆ ಎಂದ. ಬಾಗಿಲನ್ನು ಪೂರಾ ತೆರೆದರೆ ಗಾಳಿ ನುಗ್ಗುತ್ತದೆ, ಆದ್ದರಿಂದ ಮೈ ತೂರುವಷ್ಟೇ ತೆರೆಯುತ್ತಾನೆ ಎಂದ. ಹೇಳುತ್ತ ಹೇಳುತ್ತ ತಾನೇ ಫರಸಿಯ ಮೇಲೆ ಅರ್ಧ ಮಲಗಿದ್ದ. ಅಡುಗೆಮನೆ ಮುಟ್ಟಿದ.

ಶಿವಗಂಗಾ: ಒಳಗ ದಟ್ಟ ಹೊಗಿ. ಹತ್ತು ಮಂದಿ ಅತ್ತಿಗೋಳು ಅದಾರ. ಒಬ್ಬಾಕಿನ್ನ ಎತ್ತಾಕ ಬರತದ, ಅಷ್ಟೇ. ಯಾರನ್ನ ಎತ್ತತೀರಿ?

ಖುರ್ಷಿದ ಬಾಗಿ ಕೂತ. ನಿಂಬೆವ್ವ ಕಾಳಿನ ಮೇಲಿಂದ ಕಣ್ಣೆತ್ತಲಿಲ್ಲ. ಆದರೆ ಮೊರದ ಸದ್ದು ನಿಂತಿತು.

ಚಂದ್ರಾಮ: ಓಡ್ರಿ ಅಂತ ಒದರಾಕತ್ತಾರಲ್ಲ, ಅವರ್ಯಾರೂ ಅಲ್ಲ. ಬಾಗಲಕ್ಕ ಓಡಾಕತ್ತಾಕಿನೂ ಅಲ್ಲ. ಇಷ್ಟು ಬೆಂಕಿ ಬಿದ್ರೂ ಒಬ್ಬಾಕಿ ಒಲಿ ಮ್ಯಾಲಿನ ಹಾಲು ಕೆಳಗ ಇಳಸಾಕತ್ತಾಳ. ಉಕ್ಕಿ ಹೋದೀತು ಅಂತ. ಅಕಿನೇ ನಮ್ಮಾಕಿ. ಅಕಿನ್ನ ಎತ್ತತೇನಿ.

ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಿಗೆ ಬೆವರು ಬಂದಿರಬೇಕು. ಮಚ್ಚೆ ಬಲಗಲ್ಲದ ಮೇಲಿತ್ತು. ಚಂದ್ರಾಮ ಅದನ್ನು ಆಗ ನೋಡಿದ. ಇಷ್ಟು ವರ್ಷ ಇದನ್ನು ಎಲ್ಲಿಟ್ಟಿದ್ದಳು ಅನ್ನಿಸಿತು ಅವನಿಗೆ.

ದಾಳ ಉರುಳಿ ಹತ್ತೊಂಬತ್ತಕ್ಕೆ ನಿಂತಿತು. ಶಿವಗಂಗಾ, ಎತ್ತಿದಿರಿ ಮಾವಾರ, ಹೆಗಲ ಮೇಲೆ ಹಾಕಿಕೊಂಡು ಕಂಬಳಿ ಹೊದಿಸಿ ಹೊರಗೆ ಬಂದಿರಿ ಎಂದಳು. ಖುರ್ಷಿದ ಗೆಳೆಯನ ಬೆನ್ನಿಗೆ ಗುದ್ದಿದ. ಚಂದ್ರಾಮ ಎದೆಯುಬ್ಬಿಸಿ ಕೂತ. ಸಂಜೆಯ ಮೊದಲ ರೊಟ್ಟಿ ಆಗಲೇ ಅವನ ಕಣ್ಣ ಮುಂದೆ ಬಂದಿತ್ತು.

ಶಿವಗಂಗಾ: ಅತ್ತೀ, ಈಗ ನಿಮ್ಮ ಪಾಳಿ. ಹತ್ತು ಮಂದ್ಯಾಗ ಖರೇ ನಿಂಬೆವ್ವ ಯಾರು ಅಂತ ಹೇಳೋದು ನಿಮ್ಮ ಕೈಯಾಗ ಅದ.

ನಿಂಬೆವ್ವ ಮೊರ ಬದಿಗಿಟ್ಟಳು. ಆ ದಿನದಿಂದೀಚೆಗೆ ಮೊದಲ ಬಾರಿ ಗಂಡನ ಕಡೆ ನೇರವಾಗಿ ತಿರುಗಿದಳು.

ನಿಂಬೆವ್ವ: ಹಾಲು ಇಳಸೋದು ಬರೋಬ್ಬರಿ ಹೇಳೀರಿ. ಬೆಂಕಿ ಬಿದ್ರೂ ನಾ ಹಾಲು ಇಳಸೇ ಹೋಗಾಕಿ.

ಚಂದ್ರಾಮ: ಮತ್ತ?

ನಿಂಬೆವ್ವ: ಆದ್ರ ಇವತ್ತ ಆ ಕೆಲಸ ಇನ್ನೊಬ್ಬಾಕಿಗಿ ಹೇಳಿ ನಾ ಕೊಟ್ಟಗಿಗಿ ಹೋಗೇನಿ. ಎಮ್ಮಿ ಬಿಚ್ಚಾಕ.

ಚಂದ್ರಾಮನ ಉಬ್ಬಿದ ಎದೆ ಇಳಿಯಿತು.

ಚಂದ್ರಾಮ: ನಾ ಒಳಗ ಹೊಗಿ ಕುಡಕೋತ ನಿನ್ನ ಹುಡಕ್ಯಾಡಾಕತ್ತೇನಿ. ನಿನಗ ನನಕಿಂತ ಎಮ್ಮಿ ಮೊದಲೇನು?

ನಿಂಬೆವ್ವ: ಎಮ್ಮಿ ಕೊರಳಾಗ ಹಗ್ಗ ಅದ, ಬಾಯಿಲ್ಲ. ನಿಮಗ ಹಗ್ಗಾನೂ ಇಲ್ಲ, ಬಾಯಿನೂ ಅದ. ನೀವು ಹ್ಯಾಂಗರ ಬರ್ತೀರಿ.

ಚಂದ್ರಾಮ: ಮೊನ್ನಿ ನಾನೂ ಅದೇ ಮಾಡಿದ್ದೆಲ್ಲ? ಅದಕ್ಕ ಎರಡು ದಿನ ಬಣವಿ ಹೊರಸಿದಿ.

ನಿಂಬೆವ್ವ: ನೀವು ಎಮ್ಮಿ ಬಿಚ್ಚಿದ್ದಕ್ಕ ನಾ ಸಿಟ್ಟಾಗಿಲ್ಲ. ನನ್ನ ಗುರ್ತ ಹತ್ತಲ್ಲ ಅಂದಿದ್ದಕ್ಕ ಆಗೇನಿ. ಇವತ್ತ ಗುರ್ತ ಹಿಡದೀರಿ, ಅದರದೇನೂ ತಕರಾರ ಇಲ್ಲ.

ತಕರಾರು ಮುಗಿಯಿತೆಂದು ಚಂದ್ರಾಮ ಉಸಿರು ಬಿಟ್ಟ. ಖುರ್ಷಿದ ಎದ್ದು ಚಪ್ಪಲಿ ಹುಡುಕತೊಡಗಿದ. ಆದರೆ ನಿಂಬೆವ್ವ ಇನ್ನೂ ನಕ್ಷೆಯನ್ನೇ ನೋಡುತ್ತಿದ್ದಳು. ಅಂಗಳದ ಚೌಕದ ಮೇಲೆ ಬೆರಳಿಟ್ಟಳು.

ನಿಂಬೆವ್ವ: ಶಿವಗಂಗಾ, ನಾ ಇಲ್ಲಿ ಎಮ್ಮಿ ಹಗ್ಗ ಹಿಡಕೊಂಡು ನಿಂತೇನಿ ಹೌದಿಲ್ಲೋ?

ಶಿವಗಂಗಾ: ಹೌದ್ರಿ ಅತ್ತೀ.

ನಿಂಬೆವ್ವ: ಮತ್ತ ಇವರ ಹೆಗಲ ಮ್ಯಾಲ ಇರಾಕಿ ಯಾರು?

ಖುರ್ಷಿದ ಚಪ್ಪಲಿ ಬಿಟ್ಟು ಮೆಲ್ಲಗೆ ಮತ್ತೆ ಕೂತ.

ಚಂದ್ರಾಮ: ಅಕಿನೂ ನೀನೇ.

ನಿಂಬೆವ್ವ: ನಾ ಇಲ್ಲಿದೇನಿ. ಅಕಿ ನಾನಲ್ಲ. ಊರ ಮಂದಿ ಎಲ್ಲಾ ನೋಡಾಕತ್ತಾರ. ಇಳಸ್ರಿ ಅಕಿನ್ನ ಕೆಳಗ.

ಚಂದ್ರಾಮ: ಇಳಸ್ತೇನಿ ತಡಿ. ಶಿವಗಂಗಾ, ನಾ ಅಕಿನ್ನ ಕೆಳಗ ಇಳಸಿದೆ, ಬರಕೋ.

ಶಿವಗಂಗಾ: ಕಂಬಳ್ಯಾಗ ಸುತ್ತೀರಿ, ಸೆರಗು ತೊಡಕ್ಯಾದ. ಇಳಸಾಕೂ ದಾಳ ಹಾಕಬೇಕ್ರಿ ಮಾವಾರ.

ಚಂದ್ರಾಮ ದಾಳವನ್ನು ಹಣೆಗೆ ಮುಟ್ಟಿಸಿ ಒಗೆದ. ಅದು ಫರಸಿಯ ಮೇಲೆ ಉರುಳುತ್ತ ಕೊಟ್ಟಿಗೆ ದಾಟಿ, ಅಂಗಳ ದಾಟಿ, ಬೇವಿನ ಮರದ ಹತ್ತಿರ ನಿಂತಿತು. ನಾಲ್ವರೂ ಬಾಗಿ ನೋಡಿದರು. ಒಂದು ಬಿದ್ದಿತ್ತು.

ನಿಂಬೆವ್ವ ಮೊರ ಎತ್ತಿಕೊಂಡು ಎದ್ದಳು.

ನಿಂಬೆವ್ವ: ನೋಡಿದಿ ಅಲ್ಲ ಖುರ್ಷಿದಣ್ಣ. ಮೂವತ್ತು ವರ್ಷದಾಗ ನನ್ನ ಒಂದ್ ಸಲ ಎತ್ತಿಲ್ಲ. ಅಕಿನ್ನ ಇಳಸಾಕ ಮನಸ್ಸಾಗವಲ್ದು.